911 ಎಸ್‌ಸಿಗೆ ಕ್ರ್ಯಾಂಕ್ ಟ್ರಿಗರ್ ಇಗ್ನಿಷನ್ ಹಾಕಬೇಕು, ಆದರೆ ಎಸಿ ತೆಗೆಯಲು ಮನಸ್ಸಿಲ್ಲ

ಬಾಲದಎಂಜಿನ್:

ಎಲ್ಲರಿಗೂ ನಮಸ್ಕಾರ. ನನ್ನದು 1982ರ ಪೋರ್ಶೆ 911 ಎಸ್‌ಸಿ. 3.0 ಲೀಟರ್ ಎಂಜಿನ್, ಪೆಟ್ರೋಲ್ ಕೊಡುವುದು ಬಾಷ್ ಕೆ-ಜೆಟ್ರಾನಿಕ್, ಕಿಡಿ ಕೊಡುವುದು ಹಳೇ ಸಿಡಿಐ ಡಬ್ಬ. ಕೀ ತಿರುಗಿಸಿದ ಕೂಡಲೇ ಆ ಡಬ್ಬ ಸೊಳ್ಳೆಯ ಹಾಗೆ ಗುಂಯ್ ಎನ್ನುವುದು ಈ ಕಾರು ಇಟ್ಟುಕೊಂಡವರಿಗೆಲ್ಲ ಗೊತ್ತಿರುತ್ತದೆ. ಡಬ್ಬ ಇನ್ನೂ ಗಟ್ಟಿಯಾಗಿದೆ. ತೊಂದರೆ ಇರುವುದು ಆರು ಪ್ಲಗ್‌ಗೂ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್‌ನಲ್ಲಿ. ಶಾಫ್ಟ್ ಹಿಡಿದು ಅಲ್ಲಾಡಿಸಿದರೆ ಬೆರಳಿಗೇ ಪ್ಲೇ ಗೊತ್ತಾಗುತ್ತದೆ. ಕಿಡಿ ಬೀಳುವ ಹೊತ್ತು ತೋರಿಸುವ ಟೈಮಿಂಗ್ ಲೈಟ್ ಹಿಡಿದರೆ ಪುಲ್ಲಿಯ ಮೇಲಿನ ಗುರುತು ಒಂದು ಕಡೆ ನಿಲ್ಲುವುದಿಲ್ಲ, ಮೂರ್ನಾಲ್ಕು ಡಿಗ್ರಿ ಹಿಂದೆ ಮುಂದೆ ಕುಣಿಯುತ್ತಲೇ ಇರುತ್ತದೆ.

ಅದಕ್ಕೆ ಡಿಸ್ಟ್ರಿಬ್ಯೂಟರ್ ಪೂರ್ತಿ ತೆಗೆದು, ಕ್ರ್ಯಾಂಕ್ ಪುಲ್ಲಿಗೆ ಹಲ್ಲಿನ ಚಕ್ರ ಹಾಕಿ, ಸೆನ್ಸರ್ ಇಟ್ಟು, ಮೂರು ಕಾಯಿಲ್‌ನಲ್ಲಿ ಆರು ಪ್ಲಗ್‌ಗೆ ಕಿಡಿ ಕೊಡುವ ಕ್ರ್ಯಾಂಕ್ ಟ್ರಿಗರ್ ಸಿಸ್ಟಮ್‌ಗೆ ಹೋಗೋಣ ಅಂತ ತೀರ್ಮಾನ ಮಾಡಿದೆ. ಕಿಟ್ ಬಂತು. ಡಬ್ಬ ಬಿಚ್ಚಿ ಹಾಳೆ ಓದಿದರೆ ಒಂದು ಮೂಲೆಯಲ್ಲಿ "ಎಸಿ ಇಲ್ಲದ ಪುಲ್ಲಿಗೆ ಮಾತ್ರ" ಅಂತ ಬರೆದಿದೆ. ಕೊಳ್ಳುವ ಮೊದಲು ಯಾರೂ ಇದನ್ನು ಹೇಳಿರಲಿಲ್ಲ.

ನನ್ನ ಪುಲ್ಲಿಗೆ ಎರಡು ಗ್ರೂವ್ ಇವೆ. ಒಂದರಲ್ಲಿ ಫ್ಯಾನ್ ಮತ್ತು ಆಲ್ಟರ್ನೇಟರ್‌ನ ಬೆಲ್ಟ್, ಇನ್ನೊಂದರಲ್ಲಿ ಎಸಿ ಕಂಪ್ರೆಸರ್‌ನ ಬೆಲ್ಟ್. ಕಿಟ್‌ನ ಚಕ್ರ ಪುಲ್ಲಿಯ ಹೊರಮುಖಕ್ಕೆ ಬೋಲ್ಟ್ ಆಗಬೇಕು, ಆ ಜಾಗದಲ್ಲಿ ಈಗ ಎಸಿ ಗ್ರೂವ್ ಕೂತಿದೆ. ಅದು ಸಾಲದು ಅಂತ ಸೆನ್ಸರ್‌ನ ಬ್ರಾಕೆಟ್ ಕೂಡ ಸರಿಯಾಗಿ ಎಸಿ ಬೆಲ್ಟ್ ಮೇಲಕ್ಕೆ ಹೋಗುವ ದಾರಿಯಲ್ಲೇ ನಿಲ್ಲುತ್ತದೆ. ಗ್ಯಾರೇಜಿನವರನ್ನು ಕೇಳಿದರೆ "ಎಸಿ ಬಿಚ್ಚಿ ಎಸೆಯಿರಿ, ಈ ಕಾರಿಗೆ ಯಾಕೆ ಅದು" ಅನ್ನುತ್ತಾರೆ. ನನಗೆ ಇಷ್ಟವಿಲ್ಲ. ಆ ಎಸಿಯನ್ನು ಸರಿ ಮಾಡಿಸಲು ಎರಡು ಬೇಸಿಗೆ ಹೋಗಿದೆ. ಹೋಸ್ ಎಲ್ಲಾ ಹೊಸದು, ಡ್ರೈಯರ್ ಹೊಸದು, ಈಗ ತಣ್ಣಗೆ ಗಾಳಿ ಬರುತ್ತದೆ. ನಾನು ಈ ಕಾರನ್ನು ದಿನಾ ಓಡಿಸುತ್ತೇನೆ, ಮಧ್ಯಾಹ್ನದ ಬಿಸಿಲಿನಲ್ಲೂ.

ಪುಲ್ಲಿಯ ಒಳಮುಖಕ್ಕೂ ಎಂಜಿನ್ ಕೇಸ್‌ಗೂ ನಡುವೆ ವರ್ನಿಯರ್ ಇಟ್ಟು ಅಳೆದೆ, 11 ಮಿ.ಮೀ. ಬಂತು. ಅಲ್ಲಿ ಚಕ್ರ ಕೂರಿಸಬಹುದಾ? ಎಸಿ ಉಳಿಸಿಕೊಂಡು ಇದನ್ನು ಮಾಡಿದವರು ಯಾರಾದರೂ ಇದ್ದೀರಾ? ಇನ್ನೊಂದು ಭಯ, ಈಗಲೇ ಎಸಿ ಆನ್ ಮಾಡಿದರೆ ಐಡ್ಲಿಂಗ್ 900ರಿಂದ 700ಕ್ಕೆ ಬಿದ್ದು ಗಾಡಿ ನಡುಗುತ್ತದೆ. ಹೊಸ ಇಗ್ನಿಷನ್ ಹಾಕಿದ ಮೇಲೆ ಅದು ಸುಧಾರಿಸುತ್ತದಾ, ಇನ್ನೂ ಕೆಡುತ್ತದಾ?

ಟೈಮಿಂಗ್‌ಲೈಟ್:

ಎಸಿ ಬಿಚ್ಚಬೇಡಿ. ಈ ಮಾತು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಈ ವಿಷಯದಲ್ಲಿ ಎಲ್ಲರೂ ಕೊಡುವ ಸಲಹೆ ಅದೊಂದೇ, ಮತ್ತು ಅದು ಬೇಕಾಗೇ ಇಲ್ಲ. ಕಿಟ್ ಮಾಡಿದವರು ಒಂದು ಬ್ರಾಕೆಟ್ ಒಂದು ಜಾಗಕ್ಕೆ ಅಂತ ಮಾಡಿದ್ದಾರೆ, ಅಷ್ಟೇ. ಇಗ್ನಿಷನ್ ಡಬ್ಬಕ್ಕೆ ಬೇಕಾಗಿರುವುದು ಹಲ್ಲಿನ ಚಕ್ರ ಕ್ರ್ಯಾಂಕ್ ಜೊತೆ ತಿರುಗುವುದು ಮತ್ತು ಖಾಲಿ ಹಲ್ಲು (ಹಲ್ಲು ಬಿಟ್ಟ ಜಾಗ) ಟಿಡಿಸಿಗೆ, ಅಂದರೆ ಪಿಸ್ಟನ್ ತುತ್ತತುದಿಗೆ ಬರುವ ಜಾಗಕ್ಕೆ, ಇಷ್ಟು ಡಿಗ್ರಿ ಮೊದಲು ಸೆನ್ಸರ್ ದಾಟುವುದು. ಚಕ್ರ ಪುಲ್ಲಿಯ ಮುಂದಿದೆಯಾ ಹಿಂದಿದೆಯಾ, ಸೆನ್ಸರ್ ಮೇಲಿದೆಯಾ ಕೆಳಗಿದೆಯಾ ಅನ್ನುವುದು ಅದಕ್ಕೆ ಗೊತ್ತಾಗುವುದೇ ಇಲ್ಲ.

ಇಲ್ಲಿ ಬಹಳ ಜನ ಎಡವುತ್ತಾರೆ. ಬ್ರಾಕೆಟ್ ಮೇಲೆ ಇರುವ ಹಾಗೆ ಚಿತ್ರ ಇದೆ, ಹಾಗಾಗಿ ಮೇಲೆಯೇ ಇರಬೇಕು ಅಂದುಕೊಳ್ಳುತ್ತಾರೆ. ಸೆನ್ಸರನ್ನು 120 ಡಿಗ್ರಿ ಆಚೆ ಸರಿಸಿದರೆ ಚಕ್ರವನ್ನೂ ಅದೇ ದಿಕ್ಕಿಗೆ 120 ಡಿಗ್ರಿ ತಿರುಗಿಸಿ ಬೋಲ್ಟ್ ಮಾಡಿದರೆ ಮುಗಿಯಿತು. ನಿಮ್ಮ ಎರಡು ಬೆಲ್ಟೂ ಪುಲ್ಲಿಯಿಂದ ಮೇಲಕ್ಕೆ ಹೋಗುತ್ತವೆ, ಒಂದು ಫ್ಯಾನ್‌ಗೆ, ಇನ್ನೊಂದು ಎಡಗಡೆ ಮೇಲಿರುವ ಕಂಪ್ರೆಸರ್‌ಗೆ. ಪುಲ್ಲಿಯ ಕೆಳಗಿನ ಅರ್ಧದಲ್ಲಿ ಬೆಲ್ಟ್ ಪುಲ್ಲಿಗೆ ಅಪ್ಪಿಕೊಂಡಿರುತ್ತದೆ, ಅಲ್ಲಿ ಅಲುಗಾಟವೂ ಇಲ್ಲ. ಸೆನ್ಸರ್ ಅಲ್ಲಿ ಇಡಿ, ಗಡಿಯಾರದ ಮುಖದಲ್ಲಿ ಹೇಳುವುದಾದರೆ ನಾಲ್ಕು ಗಂಟೆ ಅಥವಾ ಎಂಟು ಗಂಟೆಯ ಜಾಗದಲ್ಲಿ. ಎಕ್ಸಾಸ್ಟ್ ಹತ್ತಿರ ಆಗುವುದರಿಂದ ಬಿಸಿ ತಡೆಯಲು ಒಂದು ತಗಡಿನ ಮರೆ ಬೇಕಾಗುತ್ತದೆ, ಮತ್ತು ಸೆನ್ಸರ್ ವೈರಿಗೆ ಬಿಸಿ ತಡೆಯುವ ಕೊಳವೆ ಹಾಕಿ.

11 ಮಿ.ಮೀ. ಸಾಕು. ಚಕ್ರ 3 ಅಥವಾ 4 ಮಿ.ಮೀ. ದಪ್ಪ ಇರುತ್ತದೆ. ಪುಲ್ಲಿಯನ್ನು ಲೇತ್‌ಗೆ ಕೊಟ್ಟು ಒಳಮುಖದಲ್ಲಿ ಸಣ್ಣ ಮೆಟ್ಟಿಲು ತೆಗೆಸಿ. ಚಕ್ರ ಆ ಮೆಟ್ಟಿಲಿನ ಮೇಲೆ ಬಿಗಿಯಾಗಿ ಕೂರಬೇಕು, ಬೋಲ್ಟ್ ಹಿಡಿದುಕೊಳ್ಳುವುದಕ್ಕೆ ಮಾತ್ರ. ಬೋಲ್ಟ್ ರಂಧ್ರದಿಂದಲೇ ಮಧ್ಯ ಹುಡುಕಲು ಹೋದರೆ ಚಕ್ರ ಒಂದು ಕಡೆ ಎದ್ದು ಕೂರುತ್ತದೆ, ಗ್ಯಾಪ್ ಒಂದು ಸುತ್ತಿನಲ್ಲೇ ಜಾಸ್ತಿ ಕಡಿಮೆ ಆಗುತ್ತದೆ. ಹಲ್ಲು ಪುಲ್ಲಿಯ ಅಂಚಿನಲ್ಲೇ ಕೊರೆದ ರೆಡಿ ಪುಲ್ಲಿ ಹಾಕಿಕೊಳ್ಳುವುದು ಇನ್ನೊಂದು ದಾರಿ, ಆದರೆ ನಿಮ್ಮ ಎಸಿ ಗ್ರೂವ್ ಅದರಲ್ಲಿ ಇದೆಯಾ ಅಂತ ಮೊದಲು ಕೇಳಿ.

ಅಳತೆಯ ಲೆಕ್ಕ ಒಂದು ಸಲ ಮನಸ್ಸಿನಲ್ಲಿ ಇಟ್ಟುಕೊಳ್ಳಿ. 150 ಮಿ.ಮೀ. ವ್ಯಾಸದ ಚಕ್ರದ ಸುತ್ತಳತೆ ಸುಮಾರು 471 ಮಿ.ಮೀ. ಅದನ್ನು 360ರಿಂದ ಭಾಗಿಸಿದರೆ ಒಂದು ಡಿಗ್ರಿಗೆ 1.3 ಮಿ.ಮೀ. ಅಂದರೆ ನಿಮ್ಮ ಸೆನ್ಸರ್ ಬ್ರಾಕೆಟ್ ಅರ್ಧ ಮಿ.ಮೀ. ಅಲ್ಲಾಡಿದರೂ ಟೈಮಿಂಗ್ ಅರ್ಧ ಡಿಗ್ರಿಯ ಹತ್ತಿರ ಆಚೀಚೆ ಆಗುತ್ತದೆ. ತೆಳು ಪಟ್ಟಿ ಬಗ್ಗಿಸಿ ಬ್ರಾಕೆಟ್ ಮಾಡಬೇಡಿ. ದಪ್ಪ ಅಲ್ಯೂಮಿನಿಯಂ ತುಂಡು ಕಡಿಸಿ, ಎಂಜಿನ್ ಕೇಸ್‌ಗೇ ಎರಡು ಬೋಲ್ಟ್‌ನಲ್ಲಿ ಹಿಡಿಸಿ. ಕಂಪ್ರೆಸರ್ ಕೂತಿರುವ ಬ್ರಾಕೆಟ್‌ಗೆ ಮಾತ್ರ ಸೆನ್ಸರನ್ನು ತಗುಲಿಸಬೇಡಿ. ಕಂಪ್ರೆಸರ್‌ನ ಕ್ಲಚ್ ಹಿಡಿದಾಗಲೆಲ್ಲ ಅದು ನಡುಗುತ್ತದೆ, ಆ ನಡುಕ ನೇರವಾಗಿ ಟೈಮಿಂಗ್‌ಗೆ ಬರುತ್ತದೆ.

ಸೆನ್ಸರ್ ಮತ್ತು ಹಲ್ಲಿನ ನಡುವೆ ಗ್ಯಾಪ್ ಮುಕ್ಕಾಲರಿಂದ ಒಂದು ಮಿ.ಮೀ. ಇಡಿ, ಫೀಲರ್ ಗೇಜ್ ಹಾಕಿ ಪೂರ್ತಿ ಒಂದು ಸುತ್ತು ಕೈಯಲ್ಲಿ ತಿರುಗಿಸಿ ನೋಡಿ. ನಿಮ್ಮ ಸೆನ್ಸರ್ ಮ್ಯಾಗ್ನೆಟ್ ಪಿಕಪ್ ಆದರೆ ಅದರ ಎರಡು ವೈರ್ ಅದಲು ಬದಲು ಆಗಬಾರದು. ಅದಲು ಬದಲಾದರೂ ಗಾಡಿ ಸ್ಟಾರ್ಟ್ ಆಗಬಹುದು, ಅದೇ ಅಪಾಯ. ಆಮೇಲೆ ಸ್ಪೀಡ್ ಏರಿದ ಹಾಗೆ ಟೈಮಿಂಗ್ ತಾನಾಗಿ ಜರುಗುತ್ತದೆ, ಎಷ್ಟು ಹುಡುಕಿದರೂ ಕಾರಣ ಸಿಗುವುದಿಲ್ಲ.

ಖಾಲಿ ಹಲ್ಲಿನ ಜಾಗ ಒಂದೊಂದು ಡಬ್ಬಕ್ಕೆ ಒಂದೊಂದು. ಫೋರ್ಡ್‌ನ ಇಡಿಐಎಸ್ ಎಂಬ ಇಗ್ನಿಷನ್ ಮಾಡ್ಯೂಲ್ ಬಳಸುವವರು 36ರಲ್ಲಿ ಒಂದು ಹಲ್ಲು ಇಲ್ಲದ ಚಕ್ರ ಹಾಕುತ್ತಾರೆ. ಆರು ಸಿಲಿಂಡರ್‌ಗೆ ಖಾಲಿ ಜಾಗ ಟಿಡಿಸಿಗೆ 60 ಡಿಗ್ರಿ ಮೊದಲು ಸೆನ್ಸರ್ ಎದುರು ಬರಬೇಕು, ನಾಲ್ಕಕ್ಕೆ 90, ಎಂಟಕ್ಕೆ 50. ನಿಮ್ಮದು 60ರಲ್ಲಿ ಎರಡು ಹಲ್ಲು ಇಲ್ಲದ ಚಕ್ರ ಆಗಿದ್ದರೆ ಹಾಳೆಯಲ್ಲಿ ಕೊಟ್ಟಿರುವ ಹಲ್ಲಿನ ಸಂಖ್ಯೆ ನೋಡಿ, ಒಂದೊಂದು ಹಲ್ಲಿಗೆ 6 ಡಿಗ್ರಿ ಲೆಕ್ಕ. ಪುಲ್ಲಿಯ ಮೇಲೆ ಟಿಡಿಸಿ ತೋರಿಸುವ ಝಡ್1 ಗುರುತನ್ನು ಮಾತ್ರ ನಂಬದೆ, ಪ್ಲಗ್ ರಂಧ್ರದಲ್ಲಿ ಡಯಲ್ ಗೇಜ್ ಇಟ್ಟು ನಿಜವಾದ ಟಿಡಿಸಿ ಹುಡುಕಿ.

ಕಾಯಿಲ್ ಜೋಡಿಯಲ್ಲೂ ಗಮನ ಇರಲಿ. ನಿಮ್ಮ ಫೈರಿಂಗ್ ಆರ್ಡರ್ 1-6-2-4-3-5. ಹಾಗಾಗಿ ಜೋಡಿಗಳು 1 ಮತ್ತು 4, 6 ಮತ್ತು 3, 2 ಮತ್ತು 5. ಬೇರೆ ಎಂಜಿನ್‌ನ ಚಿತ್ರ ನೋಡಿ ವೈರ್ ಹಾಕಿದರೆ ಏರ್‌ಬಾಕ್ಸ್ ಒಡೆಯುವಷ್ಟು ಬ್ಯಾಕ್‌ಫೈರ್ ಬರುತ್ತದೆ, ಕೆ-ಜೆಟ್ರಾನಿಕ್ ಕಾರಿನಲ್ಲಿ ಅದು ಪ್ಲಾಸ್ಟಿಕ್.

ಹಗುರಗಾಡಿ:

ನಾನು ಇಂಥದೇ ಕಾರಿನಲ್ಲಿ ಎಸಿ ಪೂರ್ತಿ ತೆಗೆದೆ. ಕಂಪ್ರೆಸರ್, ಹಿಂದಿನ ಮುಚ್ಚಳದಲ್ಲಿರುವ ಕಂಡೆನ್ಸರ್, ಮುಂದಿನದು, ಮಾರುದ್ದದ ಹೋಸ್‌ಗಳು, ಎಲ್ಲಾ ರಾಶಿ ಹಾಕಿದರೆ ಒಬ್ಬನೇ ಎತ್ತಲು ಆಗಲಿಲ್ಲ. ಅದರಲ್ಲೂ ಹಿಂದಿನ ತೂಕ ಇಳಿದದ್ದು ತಿರುವಿನಲ್ಲಿ ಗೊತ್ತಾಗುತ್ತದೆ. ಟ್ರ್ಯಾಕ್‌ಗೆ ಮಾತ್ರ ಹೋಗುವ ಕಾರಾದರೆ ನಾನು ಇನ್ನೊಂದು ಸಲವೂ ಹಾಗೇ ಮಾಡುತ್ತೇನೆ. ನೀವು ದಿನಾ ಓಡಿಸುತ್ತೀರಿ ಅಂದಿದ್ದೀರಿ, ಹಾಗಾದರೆ ಇಟ್ಟುಕೊಳ್ಳಿ. ಒಮ್ಮೆ ಬಿಚ್ಚಿದರೆ ವಾಪಸ್ ಹಾಕುವವರು ಕಡಿಮೆ. ನನ್ನ ಹೋಸ್‌ಗಳು ಗೋಡೆಗೆ ತೂಗಿಹಾಕಿದ ಹಾಗೇ ಇವೆ.

ಆರುಪ್ಲಗ್:

ಒಂದು ಬೇರೆ ದಾರಿ ಹೇಳಲಾ? ನಿಮ್ಮ ನಿಜವಾದ ತೊಂದರೆ ಸವೆದ ಡಿಸ್ಟ್ರಿಬ್ಯೂಟರ್ ತಾನೆ. ಒಳಗೆ ಎಲೆಕ್ಟ್ರಾನಿಕ್ಸ್ ಇರುವ, ಅಡ್ವಾನ್ಸ್ ಕರ್ವ್ (ಯಾವ ಸ್ಪೀಡಿಗೆ ಕಿಡಿ ಎಷ್ಟು ಡಿಗ್ರಿ ಮೊದಲು ಅನ್ನುವ ಲೆಕ್ಕ) ಪ್ರೋಗ್ರಾಂ ಮಾಡಬಹುದಾದ ಹೊಸ ಡಿಸ್ಟ್ರಿಬ್ಯೂಟರ್‌ಗಳು ಬರುತ್ತವೆ. 123ಇಗ್ನಿಷನ್‌ನದು ಅಂಥದ್ದೇ. ಹಳೆಯದು ತೆಗೆದ ರಂಧ್ರದಲ್ಲೇ ಅದು ಕೂರುತ್ತದೆ. ಪುಲ್ಲಿ ಮುಟ್ಟುವ ಹಾಗಿಲ್ಲ, ಎಸಿ ಬೆಲ್ಟ್ ಕಳಚುವ ಹಾಗಿಲ್ಲ, ನಿಮ್ಮ ಪ್ರಶ್ನೆಯೇ ಉಳಿಯುವುದಿಲ್ಲ.

ಕೊರತೆಯನ್ನೂ ಹೇಳಬೇಕು. ಡಿಸ್ಟ್ರಿಬ್ಯೂಟರ್ ತಿರುಗುವುದು ಕ್ರ್ಯಾಂಕ್‌ನ ಅರ್ಧ ಸ್ಪೀಡಿನಲ್ಲಿ. ಅಲ್ಲಿ ಗೇರ್ ಪ್ಲೇಯಿಂದ ಒಂದು ಡಿಗ್ರಿ ತಪ್ಪಿದರೆ ಕ್ರ್ಯಾಂಕ್‌ನಲ್ಲಿ ಎರಡು ಡಿಗ್ರಿ. ಕ್ಯಾಪ್, ರೋಟರ್ ಸವೆತ ಇದ್ದೇ ಇರುತ್ತದೆ. ಮುಂದೆ ಯಾವತ್ತಾದರೂ ಒಂದು ಸಿಲಿಂಡರ್‌ಗೆ ಎರಡು ಪ್ಲಗ್ ಹಾಕುವ ಆಸೆ ಇದ್ದರೆ ಕ್ರ್ಯಾಂಕ್ ಟ್ರಿಗರೇ ಸರಿ. ಆಮೇಲೆ ಬಂದ 911 ಮಾದರಿ 964ರಲ್ಲಿ ಕಂಪನಿಯವರೇ ಎರಡು ಪ್ಲಗ್ ಕೊಟ್ಟರು, ಅದಕ್ಕೆ ಎರಡು ಡಿಸ್ಟ್ರಿಬ್ಯೂಟರ್, ಎರಡನ್ನೂ ಜೋಡಿಸಲು ಒಂದು ಸಣ್ಣ ಬೆಲ್ಟ್. ಆ ಬೆಲ್ಟ್ ಹರಿದರೆ ಎರಡನೇ ರೋಟರ್ ನಿಂತಲ್ಲೇ ನಿಲ್ಲುತ್ತದೆ, ಓಡಿಸುವವರಿಗೆ ಕೂಡಲೇ ತಿಳಿಯುವುದೂ ಇಲ್ಲ. ತಿರುಗುವ ಭಾಗ ಕಡಿಮೆ ಇದ್ದಷ್ಟೂ ಒಳ್ಳೆಯದು ಅಂತ ನನಗೆ ಅನಿಸುವುದು ಅದಕ್ಕೇ.

ಬಾಲದಎಂಜಿನ್:

ಎಲ್ಲರಿಗೂ ಧನ್ಯವಾದ. ಸೆನ್ಸರ್ ಕೆಳಗೆ ಇಡಬಹುದು ಅನ್ನುವುದು ನನಗೆ ಹೊಳೆದೇ ಇರಲಿಲ್ಲ. ನಿನ್ನೆ ಸಂಜೆ ಕಾರಿನ ಕೆಳಗೆ ಮಲಗಿ ಟಾರ್ಚ್ ಹಾಕಿ ನೋಡಿದೆ, ನಾಲ್ಕು ಗಂಟೆಯ ಜಾಗದಲ್ಲಿ ಬೆರಳು ಆರಾಮಾಗಿ ಹೋಗುತ್ತದೆ. ಎರಡು ಪ್ಲಗ್ ಆಸೆ ಇದೆ, ಹಾಗಾಗಿ ಕ್ರ್ಯಾಂಕ್ ಟ್ರಿಗರ್‌ಗೇ ಹೋಗುತ್ತೇನೆ.

ಪುಲ್ಲಿ ತೆಗೆಯಬೇಕಾದರೆ ಕಂಪ್ರೆಸರ್ ಬಿಚ್ಚಬೇಕಾ? ಗ್ಯಾಸ್ ಖಾಲಿ ಮಾಡಿಸಬೇಕಾ? ಐಡ್ಲಿಂಗ್ ಬಗ್ಗೆಯೂ ಯಾರಾದರೂ ಹೇಳಿ. ಅದೇ ನನಗೆ ದೊಡ್ಡ ಚಿಂತೆ.

ತಂಪುಗಾಳಿ:

ಗ್ಯಾಸ್ ಮುಟ್ಟಬೇಡಿ! ಹೋಸ್ ಒಂದನ್ನೂ ಬಿಚ್ಚಬೇಡಿ. ಬೆಲ್ಟ್ ಸಡಿಲ ಮಾಡಿ ಕಳಚಿ, ಕಂಪ್ರೆಸರ್ ಅಡ್ಡ ಬಂದರೆ ಅದರ ಬೋಲ್ಟ್ ತೆಗೆದು ಹೋಸ್ ಸಮೇತ ಪಕ್ಕಕ್ಕೆ ಎತ್ತಿಡಿ, ಕೆಳಗೆ ದಪ್ಪ ಬಟ್ಟೆ ಹಾಸಿ. ಎಂಜಿನ್ ಇಳಿಸುವವರೂ ಹೀಗೇ ಮಾಡುತ್ತಾರೆ. ಸಿಸ್ಟಮ್ ಒಮ್ಮೆ ತೆರೆದರೆ ಗಾಳಿಯ ತೇವ ಒಳಗೆ ಹೋಗುತ್ತದೆ, ಡ್ರೈಯರ್ ಮತ್ತೆ ಹೊಸದು ಹಾಕಬೇಕು, ವ್ಯಾಕ್ಯೂಮ್ ಎಳೆಯಬೇಕು. ನಿಮ್ಮ ಎರಡು ಬೇಸಿಗೆಯ ಕೆಲಸ ಒಂದು ಮಧ್ಯಾಹ್ನಕ್ಕೆ ಹೋಗುತ್ತದೆ. ಖಾಲಿ ಮಾಡಲೇಬೇಕಾದರೆ ಮಷಿನ್ ಹಾಕಿ ಹೀರಿಸಿ, ಗಾಳಿಗೆ ಬಿಡಬೇಡಿ. ಇನ್ನೂ ಹಳೇ ಆರ್-12 ಗ್ಯಾಸ್ ಇರುವ ಕಾರಾದರೆ ಅದನ್ನು ಬಿಡುವುದಂತೂ ಪಾಪ. ಓಝೋನ್ ಪದರ ಹಾಳು ಮಾಡುತ್ತದೆ ಅಂತಲೇ 1987ರ ಮಾಂಟ್ರಿಯಲ್ ಒಪ್ಪಂದದಲ್ಲಿ ಅದನ್ನು ನಿಲ್ಲಿಸಲು ಹೊರಟದ್ದು.

ಈಗ ವೈರಿಂಗ್. ಇದನ್ನು ಯಾರೂ ಮೊದಲೇ ಹೇಳುವುದಿಲ್ಲ, ನಾನು ಒಂದು ತಿಂಗಳು ಒದ್ದಾಡಿದ ಮೇಲೆ ಕಲಿತೆ. ನನ್ನ ಕಾರಿನಲ್ಲೂ ಕ್ರ್ಯಾಂಕ್ ಟ್ರಿಗರ್ ಇದೆ, ಎಸಿ ಇದೆ. ಹಾಕಿದ ಮೊದಲ ವಾರ ಎಲ್ಲಾ ಸರಿ ಇತ್ತು. ಆಮೇಲೆ ಎಸಿ ಹಾಕಿಕೊಂಡು ಹೋಗುವಾಗ ನಡುನಡುವೆ ಒಂದು ಸಣ್ಣ ಮಿಸ್ಸಿಂಗ್, ಯಾರೋ ಹಿಂದಿನಿಂದ ಒಂದು ಸಲ ಜಗ್ಗಿ ಬಿಟ್ಟ ಹಾಗೆ. ಪ್ಲಗ್ ಬದಲಾಯಿಸಿದೆ, ಕಾಯಿಲ್ ಬದಲಾಯಿಸಿದೆ, ಪೆಟ್ರೋಲ್ ಫಿಲ್ಟರ್ ಬದಲಾಯಿಸಿದೆ. ಕೊನೆಗೆ ಲ್ಯಾಪ್‌ಟಾಪ್ ಜೋಡಿಸಿ ಲಾಗ್ ಹಿಡಿದು, ಹೆಂಡತಿಗೆ ಗಾಡಿ ಓಡಿಸಲು ಕೊಟ್ಟು, ಪಕ್ಕದಲ್ಲಿ ಕೂತು ಸ್ಕ್ರೀನ್ ನೋಡುತ್ತಾ ಕಿವಿಯನ್ನು ಹಿಂದಕ್ಕೆ ಇಟ್ಟೆ. ಕಂಪ್ರೆಸರ್ ಕ್ಲಚ್ ಟಕ್ ಅಂತ ಬಿಟ್ಟ ಪ್ರತಿ ಸಲ ಲಾಗ್‌ನಲ್ಲಿ ಸಿಂಕ್ (ಹಲ್ಲಿನ ಎಣಿಕೆ) ತಪ್ಪಿದ ಗುರುತು. ಹಿಡಿದಾಗ ಏನೂ ಇಲ್ಲ, ಬಿಟ್ಟಾಗ ಮಾತ್ರ. ಎಂಜಿನ್ ಬೇ ತೆರೆದು ನೋಡಿದರೆ ಸೆನ್ಸರ್ ವೈರ್ ಮತ್ತು ಕ್ಲಚ್ ವೈರ್ ಒಂದೂವರೆ ಅಡಿ ಒಂದೇ ಕೇಬಲ್ ಟೈನಲ್ಲಿ ಅಂಟಿಕೊಂಡು ಹೋಗುತ್ತಿದ್ದವು.

ಕಂಪ್ರೆಸರ್ ಕ್ಲಚ್ ಅಂದರೆ ದೊಡ್ಡ ಕಾಯಿಲ್. 12 ವೋಲ್ಟ್‌ನಲ್ಲಿ ಮೂರು ನಾಲ್ಕು ಆಂಪಿಯರ್ ಎಳೆಯುತ್ತದೆ. ಕರೆಂಟ್ ಕಡಿದ ಕ್ಷಣ ಅದರಲ್ಲಿ ಉಲ್ಟಾ ವೋಲ್ಟೇಜ್ ನೂರಾರು ವೋಲ್ಟ್‌ವರೆಗೆ ಚಿಮ್ಮುತ್ತದೆ. ಪಕ್ಕದಲ್ಲಿರುವ ಪಿಕಪ್ ವೈರ್ ಅದನ್ನು ಇನ್ನೊಂದು ಹಲ್ಲು ಅಂತ ತಿಳಿಯುತ್ತದೆ. ಡಿಸ್ಟ್ರಿಬ್ಯೂಟರ್ ಕಾಲದಲ್ಲಿ ಇದು ಯಾರಿಗೂ ಗೊತ್ತಾಗದೆ ಹೋಗುತ್ತಿತ್ತು, 60 ಹಲ್ಲು ಎಣಿಸುವ ಡಬ್ಬ ಬಂದ ಮೇಲೆ ಒಂದು ಸುಳ್ಳು ಹಲ್ಲು ಸೇರಿದರೂ ಲೆಕ್ಕ ತಪ್ಪುತ್ತದೆ. ಮದ್ದು ಸುಲಭ. ಕ್ಲಚ್ ಕಾಯಿಲ್‌ನ ಎರಡು ವೈರಿಗೆ ಅಡ್ಡಲಾಗಿ ಒಂದು ಡಯೋಡ್ ಹಾಕಿ, 1ಎನ್5408 ಥರದ 3 ಆಂಪಿಯರ್‌ನದು, ಬೆಳ್ಳಿ ಗೆರೆ ಇರುವ ತುದಿ ಪಾಸಿಟಿವ್ ಕಡೆಗೆ. ಉಲ್ಟಾ ಹಾಕಿದರೆ ಫ್ಯೂಸ್ ಹೋಗುತ್ತದೆ. ಕೆಲವು ಕ್ಲಚ್‌ನಲ್ಲಿ ಡಯೋಡ್ ಒಳಗೇ ಇರುತ್ತದೆ, 40 ವರ್ಷದ ಮೇಲೆ ಅದು ಬದುಕಿದೆಯಾ ನೋಡಿಕೊಳ್ಳಿ. ಸೆನ್ಸರ್ ವೈರ್ ಶೀಲ್ಡ್ ಇರುವುದೇ ಆಗಿರಲಿ, ಶೀಲ್ಡನ್ನು ಡಬ್ಬದ ತುದಿಯಲ್ಲಿ ಮಾತ್ರ ಅರ್ಥ್ ಮಾಡಿ, ಎರಡೂ ಕಡೆ ಬೇಡ. ಕ್ಲಚ್ ವೈರ್, ಪ್ಲಗ್ ವೈರ್, ಆಲ್ಟರ್ನೇಟರ್ ವೈರ್ ಮೂರರಿಂದಲೂ ದೂರ ಒಯ್ಯಿರಿ. ದಾಟಲೇಬೇಕಾದರೆ ಅಡ್ಡಡ್ಡ ದಾಟಿಸಿ, ಜೊತೆಜೊತೆಗೆ ಬೇಡ. ಗೇರ್‌ಬಾಕ್ಸ್‌ನಿಂದ ಬಾಡಿಗೆ ಹೋಗುವ ಅರ್ಥ್ ಪಟ್ಟಿಯನ್ನೂ ಬಿಚ್ಚಿ ತಿಕ್ಕಿ ಹಾಕಿ. ಈ ಕಾರುಗಳಲ್ಲಿ ಅರ್ಧ ಭೂತ ಅಲ್ಲೇ ಇರುವುದು.

ಐಡ್ಲಿಂಗ್ ವಿಷಯಕ್ಕೆ ಬಂದರೆ, ಹೊಸ ಇಗ್ನಿಷನ್ ನಿಮಗೆ ವರ. ಹಳೇ ಡಿಸ್ಟ್ರಿಬ್ಯೂಟರ್ ಐಡಲ್‌ನಲ್ಲಿ ಒಂದೇ ಟೈಮಿಂಗ್ ಕೊಡುತ್ತಿತ್ತು. ಈಗ ಅಡ್ವಾನ್ಸ್‌ನ ಮ್ಯಾಪ್ ನಿಮ್ಮ ಕೈಯಲ್ಲಿದೆ. ಐಡಲ್ ಸುತ್ತ ಒಂದು ಹಳ್ಳ ಮಾಡಿ. ನನ್ನದರಲ್ಲಿ 900ಕ್ಕೆ 8 ಡಿಗ್ರಿ, 750ಕ್ಕೆ 15, 1050ಕ್ಕೆ 6 ಇಟ್ಟಿದ್ದೇನೆ. ಕ್ಲಚ್ ಹಿಡಿದು ಆರ್‌ಪಿಎಂ ಬೀಳಲು ಶುರುವಾದ ಕೂಡಲೇ ಅಡ್ವಾನ್ಸ್ ಏರುತ್ತದೆ, ಎಂಜಿನ್‌ಗೆ ಬಲ ಬರುತ್ತದೆ, ತಾನಾಗಿ ಎದ್ದು ನಿಲ್ಲುತ್ತದೆ. ಗಾಳಿ ಹೆಚ್ಚಿಸಿ ಸರಿ ಮಾಡುವುದಕ್ಕೆ ಸಮಯ ಬೇಕು, ಕಿಡಿ ಮುಂದಿನ ಸಿಲಿಂಡರ್‌ನಲ್ಲೇ ಬದಲಾಗುತ್ತದೆ. ಹಳ್ಳ ಜಾಸ್ತಿ ಕಡಿದಾದರೆ ಐಡಲ್ ಏರುತ್ತಾ ಇಳಿಯುತ್ತಾ ತೂಗುತ್ತದೆ, ಸ್ವಲ್ಪ ಸ್ವಲ್ಪವೇ ಬದಲಾಯಿಸಿ ನೋಡಿ.

ಅಷ್ಟಕ್ಕೂ ಸಾಲದಿದ್ದರೆ ಒಂದು ಸೊಲೆನಾಯ್ಡ್ ವಾಲ್ವ್ ಹಾಕಿ, ಕ್ಲಚ್‌ಗೆ ಹೋಗುವ ಕರೆಂಟ್‌ನಲ್ಲೇ ಅದು ತೆರೆದು ಥ್ರಾಟಲ್ ಸುತ್ತ ಸ್ವಲ್ಪ ಗಾಳಿ ಬಿಡಲಿ. ಆ ಗಾಳಿಯನ್ನು ಏರ್ ಮೀಟರ್ ಪ್ಲೇಟ್ ದಾಟಿದ ಮೇಲಿನ ಜಾಗದಿಂದಲೇ ತೆಗೆದುಕೊಳ್ಳಿ. ಹೊರಗಿನಿಂದ ನೇರ ಎಳೆದರೆ ಕೆ-ಜೆಟ್ರಾನಿಕ್‌ಗೆ ಆ ಗಾಳಿಯ ಲೆಕ್ಕ ಸಿಗುವುದಿಲ್ಲ, ಪೆಟ್ರೋಲ್ ಕಡಿಮೆ ಬಿದ್ದು ಐಡಲ್ ಇನ್ನೂ ಕೆಡುತ್ತದೆ.

ಕೊನೆಯದು, ನಿಮ್ಮ ಡಬ್ಬದಲ್ಲಿ ಶಿಫ್ಟ್ ಲೈಟ್‌ಗೆ ಅಂತ ಒಂದು ಔಟ್‌ಪುಟ್ ಇದ್ದರೆ ಸುಮ್ನೆ ಬಿಡಬೇಡಿ. ಅದರಿಂದ ಐದು ಕಾಲಿನ ರಿಲೇ ಓಡಿಸಿ, ಕ್ಲಚ್‌ನ ಕರೆಂಟನ್ನು ರಿಲೇಯ 30 ಎಂಬ ಕಾಲಿನಿಂದ 87ಎ ಕಾಲಿನ ಮೂಲಕ ಕಳಿಸಿ. ಸಾಮಾನ್ಯವಾಗಿ ಎಸಿ ಓಡುತ್ತದೆ, 5500 ದಾಟಿದ ಕೂಡಲೇ ಕಂಪ್ರೆಸರ್ ಬಿಟ್ಟುಕೊಳ್ಳುತ್ತದೆ. ಎಂಜಿನ್‌ಗೆ ಪೂರ್ತಿ ಬಲ ಸಿಗುತ್ತದೆ, ಹಳೇ ಕಂಪ್ರೆಸರ್‌ಗೂ ಒದೆ ತಪ್ಪುತ್ತದೆ. ವಾಪಸ್ ಹಿಡಿಯುವುದು 4500ಕ್ಕೆ ಇಟ್ಟುಕೊಳ್ಳಿ, ಇಲ್ಲದಿದ್ದರೆ ಅಂಚಿನಲ್ಲಿ ಹಿಡಿದು ಬಿಟ್ಟು ಹಿಡಿದು ಬಿಟ್ಟು ಕ್ಲಚ್ ಸುಟ್ಟುಹೋಗುತ್ತದೆ.

ಟೈಮಿಂಗ್‌ಲೈಟ್:

ತಂಪುಗಾಳಿ ಅವರ ಮಾತಿಗೆ ಒಂದು ಸೇರಿಸುತ್ತೇನೆ. ಐಡಲ್‌ನಲ್ಲಿ ಎಸಿಗಾಗಿ ಅಡ್ವಾನ್ಸ್ ಏರಿಸಿ, ಸರಿ. ಆದರೆ ಪೂರ್ತಿ ಲೋಡ್‌ನಲ್ಲಿ ಅದೇ ಎಸಿ ನಿಮಗೆ ಎದುರು. ಹಿಂದಿನ ಮುಚ್ಚಳದ ಕಂಡೆನ್ಸರ್ ಮೂಲಕವೇ ಎಂಜಿನ್ ಗಾಳಿ ಎಳೆಯುತ್ತದೆ ಅಲ್ವಾ, ಎಸಿ ಓಡುವಾಗ ಆ ಗಾಳಿ ಬಿಸಿಯಾಗಿ ಬರುತ್ತದೆ. ಗಾಳಿಯಿಂದಲೇ ತಣ್ಣಗಾಗುವ ಎಂಜಿನ್ ಇದು. ಬಿಸಿಲಿನಲ್ಲಿ ಏರು ಹತ್ತುವಾಗ ನಾಕಿಂಗ್ ಬರುವುದು ಆಗಲೇ. ಡಬ್ಬಕ್ಕೆ ಗಾಳಿಯ ಉಷ್ಣತೆಯ ಸೆನ್ಸರ್ ಹಾಕುವ ಅವಕಾಶ ಇದ್ದರೆ ಹಾಕಿ, ಬಿಸಿ ಏರಿದಾಗ ಎರಡು ಡಿಗ್ರಿ ಹಿಂದೆ ಎಳೆಯಲಿ. ಕಾಯಿಲ್‌ಗಳನ್ನೂ ಬಿಸಿ ಗಾಳಿ ಹೊಡೆಯದ ಮೂಲೆಯಲ್ಲಿ ಇಡಿ.

ಇನ್ನೊಂದು, ಡಿಗ್ರಿ ಡಯಲ್ ಇರುವ ಟೈಮಿಂಗ್ ಲೈಟ್‌ಗಳು ಈ ಥರದ ಕಾಯಿಲ್‌ನಲ್ಲಿ ಪ್ರತಿ ಸುತ್ತಿಗೂ ಕಿಡಿ ಬರುವುದರಿಂದ ತಪ್ಪು ಓದಬಹುದು. ಪುಲ್ಲಿಗೆ ಡಿಗ್ರಿ ಟೇಪ್ ಅಂಟಿಸಿ, ಡಯಲ್ ಸೊನ್ನೆಯಲ್ಲಿ ಇಟ್ಟು ನೋಡಿ. ಟ್ಯಾಕೋಮೀಟರ್‌ಗೂ ಅಡಾಪ್ಟರ್ ಬೇಕಾಗುತ್ತದೆ.

ಬಾಲದಎಂಜಿನ್:

ಮೂರು ವಾರ ಆಯಿತು, ಕೆಲಸ ಆಗಿದೆ. ಬೇರೆಯವರಿಗೂ ಬೇಕಾಗಬಹುದು ಅಂತ ಬರೆಯುತ್ತಿದ್ದೇನೆ.

ಎಂಜಿನ್‌ಗೆ ಕೆಳಗಿನಿಂದ ಜಾಕ್ ಕೊಟ್ಟು ಸ್ವಲ್ಪ ಇಳಿಸಿ ಪುಲ್ಲಿ ತೆಗೆದೆ. ಹೋಸ್ ಒಂದನ್ನೂ ಮುಟ್ಟಲಿಲ್ಲ. ಲೇತ್‌ನವರು ಮೊದಲು ಒಳಮುಖ ಕೊರೆಯಲು ಒಪ್ಪಲಿಲ್ಲ, ಪುಲ್ಲಿ ತೆಳು ಆಗುತ್ತದೆ ಅಂದರು. ಕೊನೆಗೆ ಒಂದೂವರೆ ಮಿ.ಮೀ. ಆಳದ ಮೆಟ್ಟಿಲಿಗೆ ಒಪ್ಪಿದರು, ಅಷ್ಟೇ ಸಾಕಾಯಿತು. ಚಕ್ರ ಕೈಯಲ್ಲಿ ಒತ್ತಿದರೆ ಕೂರಲಿಲ್ಲ, ಬಿಸಿ ನೀರಿನಲ್ಲಿ ಅದ್ದಿ ತೆಗೆದು ಇಟ್ಟಾಗ ಟಪ್ ಅಂತ ಕೂತಿತು. ಆ ಶಬ್ದ ಕೇಳಿ ಆದ ಸಮಾಧಾನ ಹೇಳಲು ಬರುವುದಿಲ್ಲ. ಆರು ಬೋಲ್ಟ್‌ಗೂ ಥ್ರೆಡ್ ಲಾಕ್ ಹಾಕಿದೆ. ಡಯಲ್ ಗೇಜ್ ಇಟ್ಟು ತಿರುಗಿಸಿದರೆ ಮುಳ್ಳು 0.06 ಮಿ.ಮೀ.ಗಿಂತ ಜಾಸ್ತಿ ಅಲ್ಲಾಡಲಿಲ್ಲ. ಪುಲ್ಲಿ ಬೋಲ್ಟ್‌ನ ಟಾರ್ಕ್ ಮಾತ್ರ ಮ್ಯಾನುಯಲ್‌ನಲ್ಲಿ ಎಸಿ ಪುಲ್ಲಿಯ ಸಾಲು ನೋಡಿ ಬಿಗಿ ಮಾಡಿ, ಎಸಿ ಇಲ್ಲದ್ದರ ಸಾಲು ಬೇರೆ ಇದೆ.

ಸೆನ್ಸರ್ ನಾಲ್ಕು ಗಂಟೆಯ ಜಾಗದಲ್ಲಿ. ಬೆಲ್ಟ್‌ನ ಅಂಚಿಗೂ ಚಕ್ರಕ್ಕೂ ನಡುವೆ 4 ಮಿ.ಮೀ. ಉಳಿದಿದೆ. ಡಿಸ್ಟ್ರಿಬ್ಯೂಟರ್ ತೆಗೆದ ರಂಧ್ರಕ್ಕೆ ಓ-ರಿಂಗ್ ಇರುವ ಮುಚ್ಚಳ ಹಾಕಿದೆ, ಎಣ್ಣೆ ಸೋರುತ್ತಿಲ್ಲ.

ಮೊದಲ ಸಲ ಸೆಲ್ಫ್ ಹೊಡೆದಾಗ ಸ್ಟಾರ್ಟ್ ಆಯಿತು, ಆದರೆ ಲೈಟ್ ಹಿಡಿದರೆ 3000ಕ್ಕೆ ಹೋಗುವಷ್ಟರಲ್ಲಿ ಗುರುತು ಹಿಂದಕ್ಕೆ ಜರುಗುತ್ತಿತ್ತು. ಟೈಮಿಂಗ್‌ಲೈಟ್ ಅವರು ಹೇಳಿದ್ದು ನೆನಪಾಗಿ ಪಿಕಪ್‌ನ ಎರಡು ವೈರ್ ಅದಲು ಬದಲು ಮಾಡಿದೆ, ಟೈಮಿಂಗ್ ಮತ್ತೆ ಸೆಟ್ ಮಾಡಿದೆ. ಈಗ ಗುರುತು ಬಣ್ಣ ಬಳಿದ ಹಾಗೆ ಒಂದೇ ಕಡೆ ನಿಲ್ಲುತ್ತದೆ. ಇಷ್ಟು ವರ್ಷದಲ್ಲಿ ಈ ಎಂಜಿನ್‌ನಲ್ಲಿ ಅದು ನಿಂತದ್ದನ್ನು ನಾನು ನೋಡಿರಲೇ ಇಲ್ಲ.

ಡಯೋಡ್ ಹಾಕಿದೆ. ನನ್ನ ಕ್ಲಚ್ ಒಳಗೆ ಡಯೋಡ್ ಇರಲಿಲ್ಲ. ಐಡಲ್ ಮ್ಯಾಪ್‌ಗೆ ತಂಪುಗಾಳಿ ಅವರ ಸಂಖ್ಯೆಗಳಿಂದಲೇ ಶುರು ಮಾಡಿದೆ, ನನ್ನದಕ್ಕೆ 15 ಜಾಸ್ತಿ ಆಗಿ ತೂಗಾಡಿತು, 12ಕ್ಕೆ ಇಳಿಸಿದ ಮೇಲೆ ನಿಂತಿತು. ಎಸಿ ಆನ್ ಮಾಡಿದರೆ 900ರಿಂದ 840ಕ್ಕೆ ಬಂದು ಅಲ್ಲೇ ನಿಲ್ಲುತ್ತದೆ. ಕನ್ನಡಿಯಲ್ಲಿ ನಡುಕ ಇಲ್ಲ. ಸೊಲೆನಾಯ್ಡ್ ವಾಲ್ವ್ ಬೇಕಾಗಲಿಲ್ಲ.

ಟ್ಯಾಕೋ ಅಡಾಪ್ಟರ್ ಇನ್ನೂ ಬಂದಿಲ್ಲ, ಮುಳ್ಳು ಸೊನ್ನೆಯಲ್ಲೇ ಮಲಗಿದೆ, ಆರ್‌ಪಿಎಂ ಬೇಕಾದಾಗ ಲ್ಯಾಪ್‌ಟಾಪ್ ನೋಡುತ್ತೇನೆ. 500 ಕಿ.ಮೀ. ಆದ ಮೇಲೆ ಸೆನ್ಸರ್ ಗ್ಯಾಪ್ ಮತ್ತು ಚಕ್ರದ ಬೋಲ್ಟ್ ಇನ್ನೊಮ್ಮೆ ನೋಡಿ ಇಲ್ಲಿ ಹಾಕುತ್ತೇನೆ.